ಹೊರಡುವ ಮೊದಲು ಆಕೆಯ ಮನೆಗೆ ಹೋಗಿ ಬನ್ನಿ

ಸಾಗರದಿಂದ ಬರೆದಿರುವ ಓದುಗರಿಗೆ,

ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ. ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ನಿಮಗೆ ಸ್ನಾತಕೋತ್ತರ ಪ್ರವೇಶ ಸಿಕ್ಕಿದೆ. ಇಲ್ಲಿನ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕೈಸೇರಿದೆ, ಒಂದು ವರ್ಷದ ಖರ್ಚಿಗೆಂದು ತೋರಿಸಬೇಕಾದ 11,904 ಯೂರೊ, ತಿಂಗಳಿಗಿಷ್ಟೆಂದು ಮಾತ್ರ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ಗೆ ಜಮೆಯಾಗಿದೆ, ವೀಸಾ ಬರುವುದಷ್ಟೇ ಬಾಕಿ. ಇದನ್ನೆಲ್ಲ ಎರಡು ಪುಟ ಬರೆದು, ಮನಸ್ಸನ್ನು ಕೊರೆಯುತ್ತಿರುವುದನ್ನು ಕೊನೆಯ ನಾಲ್ಕು ಸಾಲಿನಲ್ಲಿ ಹೇಳಿದ್ದೀರಿ. ಶಾಲೆಯಿಂದ ಜೊತೆಗಿರುವ ಮೂವರು ಗೆಳತಿಯರು ದೂರವಾದಾರೆಂಬ ಭಯ ನಿಮಗೆ. ಅವರಲ್ಲಿ ಒಬ್ಬಾಕೆಯಂತೂ ಪ್ರವೇಶದ ಸುದ್ದಿ ಬಂದ ದಿನದಿಂದ ಸರಿಯಾಗಿ ಮಾತನಾಡುತ್ತಿಲ್ಲ. ‘ಅವಳಿಗೆ ಹೊಟ್ಟೆಕಿಚ್ಚೇ? ಅಲ್ಲಿಂದ ದಿನವೂ ಫೋನ್ ಮಾಡಿದರೆ ಸರಿಹೋದೀತೇ?’ ಎಂದು ಕೇಳಿದ್ದೀರಿ.

ಹೊಟ್ಟೆಕಿಚ್ಚಿನ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ. ಆಕೆಯೂ ನಿಮ್ಮೊಂದಿಗೆ ಜರ್ಮನ್ ತರಗತಿಗೆ ಸೇರಿದ್ದಳು, ತಂದೆ ಹಾಸಿಗೆ ಹಿಡಿದಾಗ ಅಡಿಕೆ ತೋಟ ನೋಡಿಕೊಳ್ಳಲು ಬಿಟ್ಟಳು ಎಂದು ಬರೆದವರು ನೀವೇ. ನಿಮ್ಮ ನಾಲ್ವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗ ಬರುತ್ತಿರುವುದು ಹಾಸ್ಟೆಲ್ ಕೋಣೆಯ ಚಿತ್ರ, ವಿಮಾನದ ದರ, ಸೂಟ್‌ಕೇಸಿನ ತೂಕ. ಒಮ್ಮೆ ಅಭಿನಂದನೆ ಹೇಳಿಯಾದ ಮೇಲೆ ಆಕೆ ಅಲ್ಲಿ ಏನು ಬರೆಯಬೇಕು? ತಾನು ಹೋಗಬೇಕೆಂದಿದ್ದ ಊರಿನ ವಿವರಗಳನ್ನು ದಿನವೂ ಓದಿ ಸುಮ್ಮನಿರುವುದೇ ಆಕೆಗೆ ಉಳಿದಿರುವ ಸಭ್ಯ ದಾರಿ ಎಂದು ನನಗೆ ಅನಿಸುತ್ತದೆ.

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಒಬ್ಬರೇ ಅವಳ ಮನೆಗೆ ಹೋಗಿ. ವೀಸಾದ ಮಾತು ನೀವಾಗಿ ಎತ್ತಬೇಡಿ. ಅವಳ ತಂದೆಯ ಬಳಿ ಕುಳಿತು ಮಾತನಾಡಿಸಿ. ಈ ಮಳೆಗೆ ಕೊಳೆರೋಗ ಎಷ್ಟು ಬಂತು, ಔಷಧಿ ಹೊಡೆಯಲು ಜನ ಸಿಕ್ಕರೇ, ಕೊಯ್ಲಿಗೆ ಯಾರು ಬರುತ್ತಾರೆ ಎಂದು ಕೇಳಿ. ಜರ್ಮನ್ ತರಗತಿಯ ವಿಷಯವನ್ನು ಅವಳೇ ತೆಗೆದರೆ ಪೂರ್ತಿ ಕೇಳಿಸಿಕೊಳ್ಳಿ. ‘ನೀನೂ ಮುಂದೊಂದು ದಿನ ಬಂದೇ ಬರುತ್ತೀಯ’ ಎಂದು ಮಾತ್ರ ಹೇಳಬೇಡಿ. ಅದು ನಿಮ್ಮ ಕೈಯಲ್ಲಿಲ್ಲದ ಭರವಸೆ. ಅವಳು ಅತ್ತರೆ ಅಳಲಿ, ಸಿಟ್ಟಾದರೆ ಆಗಲಿ. ಇದು ಎದುರೆದುರು ಆಗಬೇಕಾದ ಮಾತು. ವಿಮಾನ ಹತ್ತಿದ ಮೇಲೆ ಫೋನಿನಲ್ಲಿ ಆಡಲು ಹೊರಟರೆ ಇಬ್ಬರಿಗೂ ಹತ್ತು ಪಟ್ಟು ಕಷ್ಟವಾಗುತ್ತದೆ.

ದಿನವೂ ಫೋನ್ ಮಾಡುತ್ತೇನೆಂದು ಯಾರಿಗೂ ಮಾತು ಕೊಡಬೇಡಿ. ನೀವು ಇಳಿಯುವಾಗ ಡ್ರೆಸ್ಡೆನ್ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದಾಗ ಅಂತರ ನಾಲ್ಕೂವರೆ ಗಂಟೆಯಾಗುತ್ತದೆ. ನೀವು ಸಂಜೆ ಆರಕ್ಕೆ ಕೋಣೆಗೆ ಮರಳುವ ಹೊತ್ತಿಗೆ ಸಾಗರದಲ್ಲಿ ರಾತ್ರಿ ಹತ್ತೂವರೆ. ಹಗಲಿಡೀ ದುಡಿದವರನ್ನು ಆ ಹೊತ್ತಿನಲ್ಲಿ ಮಾತಿಗೆಳೆದರೆ ವಾರದೊಳಗೆ ಅದು ಕರ್ತವ್ಯದಂತಾಗುತ್ತದೆ. ಭಾನುವಾರವನ್ನು ಇಟ್ಟುಕೊಳ್ಳಿ. ಜರ್ಮನಿಯಲ್ಲಿ ಅಂದು ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಡಿಸೆಂಬರ್‌ನಲ್ಲಂತೂ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಹೊಸದಾಗಿ ಹೋದವರಿಗೆ ವಾರದಲ್ಲಿ ಅತಿ ಉದ್ದದ ದಿನ ಅದೇ. ನಿಮ್ಮ ಬೆಳಗಿನ ಹನ್ನೊಂದು ಗಂಟೆ ಆಗ ಇಲ್ಲಿನ ಮಧ್ಯಾಹ್ನ ಮೂರೂವರೆ, ಊಟ ಮುಗಿಸಿ ಎಲ್ಲರೂ ಮನೆಯಲ್ಲಿರುವ ಸಮಯ. ಒಂದು ವಾರ ಒಬ್ಬರಿಗೆ ಮಾತ್ರ ಫೋನ್ ಮಾಡಿ. ಗುಂಪಿನಲ್ಲಿ ಹೇಳಲಾಗದ್ದನ್ನು ಒಬ್ಬರಲ್ಲಿ ಹೇಳಬಹುದು. ತೋಟದ ಗೆಳತಿಗೆ ಕೊಯ್ಲು, ಸುಲಿತದ ತಿಂಗಳುಗಳಲ್ಲಿ ಅದೂ ಆಗಲಿಕ್ಕಿಲ್ಲ. ಧ್ವನಿ ಸಂದೇಶ ಕಳುಹಿಸಿ, ಉತ್ತರಕ್ಕೆ ಅವಸರಪಡಿಸಬೇಡಿ.

ನಿಮ್ಮ ಈಗಿನ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಳ್ಳಿ. ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ, ಗೆಳತಿಯರು ನಿಮ್ಮನ್ನು ಹುಡುಕುವುದೂ ಅದರಲ್ಲೇ. ರೀಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ ಸಂಖ್ಯೆ ರದ್ದಾಗಿ ಬೇರೆಯವರ ಪಾಲಾಗಬಹುದು.

ಅಪ್ಪ, ಅಮ್ಮನನ್ನು ಗೆಳತಿಯರು ನೋಡಿಕೊಳ್ಳುತ್ತಾರೆಂದೂ ಬರೆದಿದ್ದೀರಿ. ಅವರನ್ನು ಕೇಳಿದ್ದೀರಾ? ಪತ್ರದಲ್ಲಿ ಆ ಸುಳಿವಿಲ್ಲ. ಪೇಟೆಯಲ್ಲೇ ಇರುವ ಗೆಳತಿಯನ್ನು ಒಂದೇ ಒಂದು ಕೆಲಸಕ್ಕೆ ನೇರವಾಗಿ ಕೇಳಿ: ತಿಂಗಳಿಗೊಮ್ಮೆ ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಬರಲಾಗುತ್ತದೆಯೇ ಎಂದು. ಆಗುವುದಿಲ್ಲ ಎಂದರೆ ಬೇಸರಪಡದೆ, ಹೊರಡುವ ಮೊದಲೇ ನೆಂಟರಲ್ಲಿ ಯಾರಿಗಾದರೂ ಒಪ್ಪಿಸಿ.

– ಸಂಪಾದಕ