ಜಠರದಲ್ಲೂ ಕ್ಯಾನ್ಸರ್, ಕರುಳಲ್ಲೂ ಕ್ಯಾನ್ಸರ್: ಒಂದೇ ಸಲ ತೆಗೆಯಬಹುದಾ?

ಪ್ರಶ್ನೆ: ಅಪ್ಪನಿಗೆ 66 ವರ್ಷ. ಸುಸ್ತು, ರಕ್ತ ಕಮ್ಮಿ ಅಂತ ತೋರಿಸಿದಾಗ ಎಂಡೋಸ್ಕೋಪಿಯಲ್ಲಿ ಜಠರದ ಕೆಳಭಾಗದಲ್ಲಿ ಕ್ಯಾನ್ಸರ್ ಕಂಡಿತು. ಕೊಲೊನೋಸ್ಕೋಪಿ ಮಾಡಿದರೆ ದೊಡ್ಡ ಕರುಳಿನ ಬಲಭಾಗದಲ್ಲಿ ಇನ್ನೊಂದು. ಹರಡಿಬಿಟ್ಟಿದೆ ಅಂತ ಮನೆಯವರೆಲ್ಲ ಕೈಚೆಲ್ಲಿದ್ದಾರೆ. ಡಾಕ್ಟರು ಮಾತ್ರ ಎರಡನ್ನೂ ಲ್ಯಾಪರೋಸ್ಕೋಪಿಯಲ್ಲಿ (ಚಿಕ್ಕ ತೂತುಗಳಿಂದ ಮಾಡುವ ಆಪರೇಷನ್) ಒಟ್ಟಿಗೆ ತೆಗೆಯೋಣ ಅಂತಾರೆ. ಒಪ್ಪಬಹುದಾ ಸಾರ್?
(ಓದುಗರು, ದಾವಣಗೆರೆ)

ಉತ್ತರ: ಎರಡು ಕಡೆ ಇದೆ ಅಂದ ಮಾತ್ರಕ್ಕೆ ಹರಡಿದೆ ಅಂತಲ್ಲ. ಜಠರದ್ದೇ ಕರುಳಿಗೆ ಹೋಗಿದ್ದರೆ ಅದು ನಾಲ್ಕನೇ ಹಂತ. ಎರಡೂ ಅಲ್ಲಲ್ಲೇ ಹುಟ್ಟಿದ್ದರೆ ಅವು ಎರಡು ಬೇರೆ ಕಾಯಿಲೆ, ಹಂತವೂ ಬೇರೆ ಬೇರೆ. ಬಯಾಪ್ಸಿ ಮತ್ತು ಸಿಟಿ ಸ್ಕ್ಯಾನ್ ನೋಡಿ ಇದನ್ನು ಹೇಳುತ್ತಾರೆ. ತೆಗೆಯೋಣ ಅಂದಿದ್ದಾರೆ ಅಂದರೆ ಬಹುಶಃ ಎರಡನೆಯದೇ, ಆದರೂ ಬಾಯಿಬಿಟ್ಟು ಕೇಳಿ.

ಜಠರದ ಗಡ್ಡೆ ಆಳಕ್ಕೆ ಇಳಿದಿದ್ದರೆ ಮೊದಲು ಕೀಮೋ ಕೊಡಬಹುದು.

ನಿಮ್ಮ ಅಪ್ಪನಿಗೆ ಒಂದು ಅನುಕೂಲ ಇದೆ. ಜಠರದ ಕೆಳಭಾಗ, ಬಲಗಡೆಯ ಕರುಳು ಎರಡೂ ಅಕ್ಕಪಕ್ಕದ ಮನೆಯವರಿದ್ದ ಹಾಗೆ, ಕೆಲವು ರಕ್ತನಾಳಗಳು ಕೂಡ ಒಂದೇ ಕಡೆ ಬಂದು ಸೇರುತ್ತವೆ. ಹೊಟ್ಟೆಗೆ ಗ್ಯಾಸ್ ತುಂಬಿ 5ರಿಂದ 12 ಮಿಲಿಮೀಟರಿನ ಐದಾರು ತೂತು ಮಾಡಿದರೆ ಹೆಚ್ಚುಕಮ್ಮಿ ಅವುಗಳಿಂದಲೇ ಎರಡೂ ಕೆಲಸ ಮುಗಿಯುತ್ತದೆ, ನಾವು ನಿಲ್ಲುವ ಜಾಗ, ಹೊಟ್ಟೆಯ ಒಳಗನ್ನು ತೋರಿಸುವ ಟಿವಿ ಇಡುವ ಜಾಗ ಬದಲಾಗುತ್ತದೆ ಅಷ್ಟೇ. ಕತ್ತರಿಸಿದ ಎರಡು ಭಾಗವನ್ನೂ ಹೊಕ್ಕುಳ ಹತ್ತಿರದ ಒಂದೇ ಚಿಕ್ಕ ಗಾಯದಿಂದ ಹೊರಗೆ ತೆಗೆಯುತ್ತೇವೆ. ನೋವು ಕಮ್ಮಿ, ಬೇಗ ಎದ್ದು ಓಡಾಡುತ್ತಾರೆ.

ಆದರೆ ತೂತು ಚಿಕ್ಕದು ಅಂತ ಆಪರೇಷನ್ ಚಿಕ್ಕದಲ್ಲ. ಒಳಗೆ ಎರಡು ಕಡೆ ಜೋಡಿಸಿರುತ್ತೇವೆ, ಒಂದು ಸೋರಿದರೂ ಕಷ್ಟ. ಅದಕ್ಕೇ ನಾನು ಮೊದಲು ನೋಡೋದು ಹಿಮೋಗ್ಲೋಬಿನ್, ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್), ತೂಕ ಎಷ್ಟು ಇಳಿದಿದೆ ಅನ್ನೋದು. ಇವು ತೀರಾ ಕೆಳಗಿದ್ದರೆ ಸ್ವಲ್ಪ ದಿನ ತಿನ್ನಿಸಿ, ಕಬ್ಬಿಣದ ಇಂಜೆಕ್ಷನ್ ಕೊಡಿಸಿ ಆಮೇಲೆ ಮಾಡಿಸೋದು ವಾಸಿ. ಬೀಡಿ ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಶ್ವಾಸಕೋಶದ ವ್ಯಾಯಾಮಕ್ಕೆ ಅಂತ ಮೂರು ಚೆಂಡಿನ ಸ್ಪೈರೋಮೀಟರ್ ಕೊಡುತ್ತಾರಲ್ಲ, ಅದನ್ನು ಎಲ್ಲರೂ ಸುಮ್ನೆ ಊದುತ್ತಾ ಕೂರುತ್ತಾರೆ! ಊದೋದಲ್ಲ, ಉಸಿರು ಎಳೆದು ಚೆಂಡು ಮೇಲೆ ನಿಲ್ಲಿಸಬೇಕು.

ಮಧ್ಯದಲ್ಲಿ ರಕ್ತ ಜಾಸ್ತಿ ಹೋದರೆ, ಗಡ್ಡೆ ಅಂಟಿಕೊಂಡಿದ್ದರೆ ಹೊಟ್ಟೆ ತೆರೆಯಬೇಕಾಗಬಹುದು. ಅದನ್ನು ಸೋಲು ಅಂದುಕೊಳ್ಳಬೇಡಿ.

ಆಪರೇಷನ್ ಆದಮೇಲೆ ಬರುವ ರಿಪೋರ್ಟಿನಲ್ಲಿ ಎಷ್ಟು ಲಿಂಫ್ ಗ್ರಂಥಿ ಪರೀಕ್ಷೆ ಮಾಡಿದ್ದಾರೆ ನೋಡಿ. ಕರುಳಿನದು ಕನಿಷ್ಠ 12, ಜಠರದ್ದು 16 ಇದ್ದರೆ ಒಳ್ಳೆಯದು. ಜೊತೆಗೆ ಎಂಎಂಆರ್ ಟೆಸ್ಟ್ (ಡಿಎನ್‌ಎ ತಪ್ಪುಗಳನ್ನು ಸರಿಪಡಿಸುವ ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯಾ ಅಂತ ನೋಡುವುದು) ಮಾಡಿಸಲು ಹೇಳಿ. ಒಬ್ಬರಿಗೇ ಎರಡು ಕ್ಯಾನ್ಸರ್ ಬಂದಾಗ ಲಿಂಚ್ ಸಿಂಡ್ರೋಮ್ ಅನ್ನೋ ವಂಶವಾಹಿ ತೊಂದರೆ ಇದೆಯಾ ಅಂತ ನೋಡಲೇಬೇಕು. ಇದ್ದರೆ ನೀವೂ ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರೂ ಜೀನ್ ಟೆಸ್ಟ್ ಮಾಡಿಸಿಕೊಳ್ಳಬೇಕು, ಅದರಲ್ಲಿ ಲಿಂಚ್ ಇದೆ ಅಂತ ಬಂದವರು ಏನೂ ತೊಂದರೆ ಇಲ್ಲದಿದ್ದರೂ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಬೇಕು.