ಅಂಚಿನಲ್ಲಿ ಅಡ್ಡಕ್ಕೆ ಬರೆದ ಸಾಲು

ಸಾಗರದ ಓದುಗರೊಬ್ಬರು ಬರೆದಿದ್ದಾರೆ: "ಹೋದ ತಿಂಗಳು ಮನೆಮಟ್ಟಿಗೆ ನನ್ನ ನಿಶ್ಚಿತಾರ್ಥ ಆಯಿತು. ಅದೇ ಸಂಜೆ ವಾಟ್ಸಾಪ್ ಸ್ಟೇಟಸ್‌ಗೆ ಫೋಟೊ ಹಾಕಿದೆ. ಮುನ್ನೂರು ಜನ ನೋಡಿದರು. ಸೋದರತ್ತೆ ಮಾತ್ರ ಮಾತು ಬಿಟ್ಟಿದ್ದಾರೆ. 'ನನಗೆ ಯಾರೂ ಹೇಳಲೇ ಇಲ್ಲ' ಅನ್ನುತ್ತಾರೆ. ಸ್ಟೇಟಸ್ ಅವರೂ ನೋಡಿದ್ದಾರೆ! ಈಚೆಗೆ ಅಜ್ಜಿಯ ಟ್ರಂಕಿನಲ್ಲಿ 1968ರ ಒಂದು ಇನ್‌ಲ್ಯಾಂಡ್ ಪತ್ರ (ಮಡಚಿ ಅಂಟಿಸುವ ಅಂಚೆ ಕಾಗದ) ಸಿಕ್ಕಿತು. ಅದೂ ಯಾರದೋ ನಿಶ್ಚಿತಾರ್ಥದ ಸುದ್ದಿಯೇ. ಆಗಿನವರಿಗೆ ಬೇರೆ ದಾರಿ ಇರಲಿಲ್ಲ, ಬರೆದರು. ನಮಗೆ ಇದೆ. ಇದರಲ್ಲಿ ನನ್ನ ತಪ್ಪೇನು?"

ಮೊದಲು ಶುಭಾಶಯ. ಇದನ್ನು ನೀವು ಕೈಯಲ್ಲಿ ಬರೆದು ಕಳಿಸಿದ್ದೀರಿ, ಅಕ್ಷರವೂ ಚೆನ್ನಾಗಿದೆ. ಅದಕ್ಕೇ ಸ್ವಲ್ಪ ಗದರುವ ಧೈರ್ಯ ಮಾಡುತ್ತೇನೆ. ನಿಮ್ಮ ಅತ್ತೆ ಹೇಳಿದ್ದು ನಿಜ. ಅವರು ನೋಡಿದರು. ಅವರಿಗೆ ಯಾರೂ ಹೇಳಲಿಲ್ಲ.

ಮೊಬೈಲಿನಿಂದ ಅನುಕೂಲ ಇಲ್ಲ ಅಂತಲ್ಲ. ದೂರದ ದೇಶದಲ್ಲಿರುವ ಅಣ್ಣ ಇಲ್ಲಿ ತಾಂಬೂಲ ಬದಲಾಯಿಸುವುದನ್ನು ಕೂತಲ್ಲೇ ನೋಡಬಹುದು. ಅದು ಸಂತೋಷವೇ. ಆದರೆ ಬೇರೆ ದಾರಿ ಇಲ್ಲದ್ದಕ್ಕೇ ಹಿಂದಿನವರು ಬರೆದರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

1974ರಲ್ಲಿ ನನ್ನ ಅಕ್ಕನ ನಿಶ್ಚಿತಾರ್ಥ ಆಯಿತು. ಕುಂದಾಪುರದ ಹತ್ತಿರದ ಹಳ್ಳಿ. ನನಗೆ ಹನ್ನೆರಡು ವರ್ಷ. ಅಕ್ಷರ ದುಂಡಗಿದೆ ಅಂತ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಜಗಲಿಯಲ್ಲಿ ಕೂತು ಹೇಳುವುದು, ನಾನು ಬರೆಯುವುದು. ಇಪ್ಪತ್ತೆರಡು ಇನ್‌ಲ್ಯಾಂಡು, ಮೂರು ಸಂಜೆ. ಮದುವೆಗಾದರೆ ಪ್ರೆಸ್ಸಿನಲ್ಲಿ ಅಚ್ಚಾದ ಕರೆಯೋಲೆ. ನಿಶ್ಚಿತಾರ್ಥದ ಸುದ್ದಿ ಮಾತ್ರ ಕೈಬರಹದಲ್ಲೇ ಹೋಗಬೇಕು. ಅಂಚೆ ಕಾರ್ಡಿನಲ್ಲಿ ಬರೆದರೆ ತೀರಾ ಅಗ್ಗ. 1879ರಲ್ಲಿ ಕಾಲಾಣೆಗೆ ಶುರುವಾದ ಕಾರ್ಡು ಬಡವರ ಬಂಧು ಹೌದು. ಆದರೆ ಅದನ್ನು ದಾರಿಯಲ್ಲಿ ಸಿಕ್ಕವರೆಲ್ಲ ಓದಬಹುದು. ತಂತಿ, ಅಂದರೆ ಟೆಲಿಗ್ರಾಂ, ಕೊಡುವ ಮಾತೇ ಇರಲಿಲ್ಲ. ತಂತಿಯವನು ಬಾಗಿಲಿಗೆ ಬಂದರೆ ಸಾವಿನ ಸುದ್ದಿಯೇ ಎಂದು ಕಾಗದ ಒಡೆಯುವ ಮೊದಲೇ ಹೆಂಗಸರು ಅಳಲು ಶುರು ಮಾಡುತ್ತಿದ್ದ ಕಾಲ.

ಎರಡನೇ ಸಂಜೆ ನನಗೆ ಬೇಜಾರು ಬಂತು. ಒಂದೇ ಒಕ್ಕಣೆಯನ್ನು ಐದು ಕಾಗದಕ್ಕೆ ನಕಲು ಮಾಡಿದೆ. ಅಪ್ಪ ಓದಿ ನೋಡಿ ಐದನ್ನೂ ಹರಿದು ಹಾಕಿದರು. "ಐದು ಜನ ಒಂದೇ ಆಗ್ತಾರಾ?" ಅಂದರು. ದುಡ್ಡಿಗೆ ಅಷ್ಟು ಬಿಗಿಯಿದ್ದ ಮನುಷ್ಯ, ಐದು ಇನ್‌ಲ್ಯಾಂಡು ಹಾಳು ಮಾಡಿದರು.

ಆಗಲೇ ನನಗೆ ಗೊತ್ತಾದದ್ದು. ದೊಡ್ಡಪ್ಪನಿಗೆ 'ತೀರ್ಥರೂಪ ಸಮಾನರಾದ' ಎಂದು ಶುರು ಮಾಡಿ, 'ನೀವು ಹ್ಞೂಂ ಅಂದ ಮೇಲೇ ಮುಂದಿನ ಮಾತು' ಎಂದು ಬರೆಯಬೇಕು. ಮುಂಬೈಯ ಮಾಟುಂಗದ ಹೋಟೆಲಿನಲ್ಲಿದ್ದ ಸೋದರಮಾವನಿಗೆ ಇನ್ನೊಂದು ಥರ. ಮದುವೆ ದಿನ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಅವನು. ರಜೆ ಈಗಲೇ ಕೇಳಿಡು ಎಂದು ಬರೆದೆವು. ಹೋಟೆಲಿನ ಹುಡುಗರೆಲ್ಲ ಆ ಕಾಗದವನ್ನು ಒಬ್ಬರಾದ ಮೇಲೆ ಒಬ್ಬರು ಓದಿದರಂತೆ. ಊರಿನ ಒಂದು ಸಂತೋಷದ ಸುದ್ದಿ ಅಡುಗೆಮನೆಯಲ್ಲಿ ಇದ್ದವರಿಗೆಲ್ಲ ಬೇಕಾಗಿತ್ತು. ಸಾಲ ಕೊಟ್ಟಿದ್ದ ನೆಂಟರೊಬ್ಬರಿಗೆ ಬರೆಯುವಾಗ ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಇದೇ ನಾನು ಹೇಳಬೇಕೆಂದಿರುವುದು. ಬರೆಯುವಾಗ ಆ ಒಬ್ಬರನ್ನು ನೆನೆಯಲೇಬೇಕಿತ್ತು. ಅವರ ಹೆಸರು, ಅವರ ಊರು, ಅವರಿಗೂ ನಮಗೂ ಏನು ಸಂಬಂಧ, ಎಲ್ಲ. ಸ್ಟೇಟಸ್ ಹಾಕುವಾಗ ನೀವು ಯಾರನ್ನು ನೆನೆದಿರಿ, ಹೇಳಿ?

ಬರೆದು ಮುಗಿದ ಮೇಲೆ ಕಾಗದ ಅಮ್ಮನ ಕೈಗೆ ಹೋಗುತ್ತಿತ್ತು. ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚುವುದು ಅವಳ ಕೆಲಸ. ಮೂಲೆಯ ಬಣ್ಣ ಕಂಡರೇ ಸಾಕು, ಓದು ಬಾರದವರಿಗೂ ಶುಭ ಸುದ್ದಿ ಎಂದು ತಿಳಿಯಬೇಕು. ಇನ್‌ಲ್ಯಾಂಡಿನ ಒಳಗೆ ಏನನ್ನೂ ಇಡಬಾರದು ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಅಮ್ಮನ ಕುಂಕುಮ ಒಣಗಿ ಹುಡಿಯಾಗಿ, ಕಾಗದ ಬಿಡಿಸಿದವರ ಮಡಿಲಿಗೆ ಉದುರುತ್ತಿತ್ತು.

ಅವಳು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಳು. ಅಪ್ಪನ ಒಕ್ಕಣೆಯಲ್ಲಿ ಹುಡುಗನ ಕೆಲಸ, ಮನೆತನ, ಮುಹೂರ್ತ ಇಷ್ಟೇ ಇರುತ್ತಿತ್ತು. ಅಕ್ಕನ ಮಾತೇ ಇಲ್ಲ. ಆ ಕಾಲದ ದೊಡ್ಡ ಕೊರತೆ ಅದು, ಮುಚ್ಚಿಡುವುದಿಲ್ಲ. ಅಮ್ಮ ತಂಗಿಗೆ ಹೋಗುವ ಕಾಗದದ ಅಂಚಿನಲ್ಲಿ, ಕಾಗದವನ್ನು ಅಡ್ಡ ತಿರುಗಿಸಿಕೊಂಡು, ಪೆನ್ಸಿಲಿನಲ್ಲಿ ಬರೆದಳು: 'ಹುಡುಗಿಗೂ ಮನಸ್ಸಿದೆ. ಎರಡು ದಿನದಿಂದ ಹಾಡ್ತಾ ಇದ್ದಾಳೆ.' ನನ್ನ ಮಟ್ಟಿಗೆ ಆ ಇಪ್ಪತ್ತೆರಡು ಕಾಗದಗಳಲ್ಲಿ ನಿಜವಾದ ಸುದ್ದಿ ಇದ್ದದ್ದು ಆ ಒಂದು ಸಾಲಿನಲ್ಲಿ.

ನಿಮ್ಮ ಅತ್ತೆಯ ವಿಷಯ ಓದಿದಾಗ ನನ್ನ ಸೋದರತ್ತೆ ನೆನಪಾದಳು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಶುಭಕಾರ್ಯದಲ್ಲಿ ಅಂಥವರು ಎದುರಿಗೆ ಬರಬಾರದು ಎಂಬ ಕೆಟ್ಟ ಪದ್ಧತಿ ಇತ್ತು. ಅವಳೂ ಬರಲಿಲ್ಲ. ಅಪ್ಪ ಮೊದಲನೇ ಕಾಗದ ಬರೆಸಿದ್ದು ಅವಳಿಗೇ. ಅಲ್ಲಿನ ಪೋಸ್ಟ್‌ಮ್ಯಾನ್ ಅದನ್ನು ಓದಿ ಹೇಳಿದನಂತೆ. ಅವಳು ಎರಡು ಸಲ ಓದಿಸಿಕೊಂಡು, ಅವನ ಕೈಗೆ ಬೆಲ್ಲದ ಚೂರು ಇಟ್ಟು ಕಳಿಸಿದಳಂತೆ. ಅವಳು ತೀರಿಕೊಂಡ ಮೇಲೆ ಆ ಕಾಗದ ಅವಳ ಮರದ ಪೆಟ್ಟಿಗೆಯಲ್ಲಿ ಸಿಕ್ಕಿತು. ನನ್ನ ದುಂಡಗಿನ ಅಕ್ಷರ, ಮೂಲೆಯಲ್ಲಿ ಅಮ್ಮನ ಕುಂಕುಮದ ಕಲೆ. ಇನ್ನು ಹೇಳಿ, ಅಂಥವಳಿಗೆ ನಾವು ಸ್ಟೇಟಸ್ ತೋರಿಸಬೇಕಿತ್ತಾ?

ಮದುವೆಗೂ ಓಲೆಗೂ ನಂಟು ಇವತ್ತಿನದಲ್ಲ. ಭಾಗವತದಲ್ಲಿ ರುಕ್ಮಿಣಿ ತನ್ನ ಮನಸ್ಸನ್ನು ಏಳು ಶ್ಲೋಕಗಳಲ್ಲಿ ಹೇಳಿ, ಬ್ರಾಹ್ಮಣನೊಬ್ಬನ ಕೈಯಲ್ಲಿ ದ್ವಾರಕೆಗೆ ಕಳಿಸಿದಳು. ದಮಯಂತಿಗೆ ನಳನ ಸುದ್ದಿ ತಂದದ್ದು ಹಂಸ. ಹಳಗನ್ನಡದಲ್ಲಿ ಆ ಹಂಸಕ್ಕೆ ಏನನ್ನುತ್ತಾರೆ ಗೊತ್ತಾ? ಅಂಚೆ! ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಟಪಾಲಿನ ಜೊತೆ ಸೇರಿಹೋಯಿತು. ಆದರೂ 'ಅಂಚೆ' ಎಂಬ ಮಾತು ಉಳಿಯಿತು. ಅಷ್ಟೇಕೆ, ನಿಶ್ಚಿತಾರ್ಥದಲ್ಲಿ ಪುರೋಹಿತರು ಓದುವ ಲಗ್ನಪತ್ರಿಕೆಯೂ ಒಂದು ಪತ್ರವೇ ಅಲ್ವಾ? ಓದಿ, ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಜೊತೆ ಕೈಬದಲಾಯಿಸಿದ ಮೇಲೇ ಮಾತು ಗಟ್ಟಿಯಾಗುವುದು.

ಈಗ ನೋಡಿದರೆ ಸಂಕಟವಾಗುತ್ತದೆ. ಹೋದ ವರ್ಷ ಒಂದು ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಕೇಳಿದೆ. "ಅದೆಲ್ಲ ಈಗ ಯಾರು ತಗೋತಾರೆ?" ಅಂದರು. ಎರಡೂವರೆ ರೂಪಾಯಿಯ ಕಾಗದಕ್ಕೆ ಮೂರು ಕಡೆ ಅಲೆದೆ. ಇನ್ನು ಮಕ್ಕಳಿಗೆ ವಿಳಾಸ ಬರೆಯಲು ಬರುವುದಿಲ್ಲ. ಮಾವ, ಚಿಕ್ಕಪ್ಪ, ದೊಡ್ಡಪ್ಪ, ಭಾವ ಎಲ್ಲರೂ 'ಅಂಕಲ್' ಆಗಿದ್ದಾರೆ. ಹಿಂದೆ ಕಾಗದದ ಮೊದಲನೇ ಸಾಲೇ ಸಂಬಂಧ ಕಲಿಸುತ್ತಿತ್ತು. ಯಾರಿಗೆ ತೀರ್ಥರೂಪ, ಯಾರಿಗೆ ಚಿರಂಜೀವಿ ಎಂದು ತಿಳಿಯದೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಕನ್ನಡದ ಮದುವೆಗಳಿಗೆ ಇಂಗ್ಲಿಷ್ ಕರೆಯೋಲೆ ಬರುತ್ತಿದೆ, ಅದೂ ಫೋನಿನಲ್ಲಿ. ಇದನ್ನೆಲ್ಲ ಅನಿವಾರ್ಯ ಅನ್ನುವವರ ಮಾತು ನನಗೆ ಸರಿಬರುವುದಿಲ್ಲ. ಒಂದು ಕಾಗದ ಬರೆಯಲು ಅರ್ಧ ಗಂಟೆ ಸಾಕು. ಅಷ್ಟು ಹೊತ್ತು ನಾವು ದಿನವೂ ಫೋನು ಉಜ್ಜುತ್ತೇವೆ.

ತಂಗಿ, ಇನ್ನೂ ತಡವಾಗಿಲ್ಲ. ನಿಮ್ಮ ಅತ್ತೆಗೆ ಒಂದು ಪತ್ರ ಬರೆಯಿರಿ. ಕ್ಷಮೆ ಕೇಳುವುದು ಬೇಡ, ಸುದ್ದಿ ಹೇಳಿ. ಹುಡುಗ ಹೇಗಿದ್ದಾನೆ, ಅವತ್ತು ಯಾವ ಸೀರೆ ಉಟ್ಟಿರಿ, ಅತ್ತೆ ಅಲ್ಲಿ ಇರಬೇಕಿತ್ತು ಎಂದು ಯಾವಾಗ ಅನ್ನಿಸಿತು, ಇಷ್ಟು ಸಾಕು. ಮೂಲೆಗೆ ಕುಂಕುಮ ಮರೆಯಬೇಡಿ.

ಮತ್ತೆ ಆ 1968ರ ಕಾಗದವನ್ನು ಇನ್ನೊಮ್ಮೆ ತೆಗೆಯಿರಿ. ನಿಧಾನಕ್ಕೆ ಬಿಡಿಸಿ, ಮಡಿಕೆಯಲ್ಲಿ ಹರಿಯುತ್ತದೆ. ಅಡ್ಡ ತಿರುಗಿಸಿ ಅಂಚನ್ನು ನೋಡಿ. ಅಲ್ಲಿ ಯಾರಾದರೂ ಸಣ್ಣಗೆ ಏನಾದರೂ ಬರೆದಿದ್ದರೆ ನನಗೂ ತಿಳಿಸಿ.

- ಸಂ.