ಬ್ರೀದರ್ ಪೈಪಿಗೆ ಬಟ್ಟೆ ತುರುಕಬೇಡಿ

ಟೊಮೆಟೊ ಸೀಸನ್ ಬಂತು ಅಂದರೆ ನನಗೆ ಬರುವ ಪ್ರಶ್ನೆಯೂ ಒಂದೇ ಆಗಿಬಿಡುತ್ತದೆ. ಕೋಲಾರದ ಮಂಡಿಯಲ್ಲಿ ಲೋಡಿಗೆ ಸಾಲು ನಿಂತಾಗ ಲಾರಿ ಕೆಳಗೆ ಎಣ್ಣೆ ಕಲೆ ಕಂಡವರೆಲ್ಲ ಬರೆಯುತ್ತಾರೆ. ಇಪ್ಪತ್ತು ಸಲ ಉತ್ತರ ಕೊಟ್ಟಿದ್ದೇನೆ, ಇದು ಇಪ್ಪತ್ತೊಂದನೇದು. ಆಯಿಲ್ ಯಾವಾಗ ಬದಲಿಸಬೇಕು, ಆಯಿಲ್ ಮಟ್ಟ ತೋರಿಸುವ ಗೇಜ್ ಕಡ್ಡಿ ಹೇಗೆ ನೋಡಬೇಕು ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಲಾರಿ ಇಟ್ಟುಕೊಂಡವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ನಮ್ಮದು ಹತ್ತು ಚಕ್ರದ ಹಳೇ ಲಾರಿ, ಆರೂವರೆ ಲಕ್ಷ ಕಿ.ಮೀ. ಓಡಿದೆ. ಬ್ರೀದರ್ ಪೈಪಿನಿಂದ ಆಯಿಲ್ ತೊಟ್ಟಿಕ್ಕುತ್ತದೆ. ಈಗ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಇರುವ ಬೆಲ್ ಹೌಸಿಂಗ್ ಕೆಳಗೂ ಹನಿ ಶುರುವಾಗಿದೆ. ಒಬ್ಬ ಮೇಸ್ತ್ರಿ ಪೈಪಿಗೆ ಬಾಟಲಿ ಕಟ್ಟಿ ಅಂತಾರೆ. ಇನ್ನೊಬ್ಬರು ಆಯಿಲ್ ಮುಚ್ಚಳ ತಲೆಕೆಳಗಾಗಿ ಇಟ್ಟು ನೋಡಿ, ಬೋರ್ (ಸಿಲಿಂಡರಿನ ಒಳಗೋಡೆ) ಸವೆದು ಹೋಗಿದೆ, ಇಂಜಿನ್ ಇಳಿಸಿ ಅಂತಾರೆ. ಯಾರ ಮಾತು ಕೇಳಲಿ? – ಲಾರಿ ಓನರ್, ಮುಳಬಾಗಿಲು

ಸದ್ಯಕ್ಕೆ ಇಬ್ಬರದ್ದೂ ಬೇಡ.

ಪಿಸ್ಟನ್ ರಿಂಗ್ ಎಷ್ಟೇ ಹೊಸದಿರಲಿ, ಒಂದಿಷ್ಟು ಗ್ಯಾಸ್ ಪಿಸ್ಟನ್ ಸಂದಿಯಿಂದ ಕೆಳಗೆ ಆಯಿಲ್ ಇರುವ ಚೇಂಬರಿಗೆ ಇಳಿದೇ ಇಳಿಯುತ್ತದೆ. ಡೀಸೆಲ್ ಇಂಜಿನ್ ಗಾಳಿಯನ್ನು 16ರಿಂದ 18 ಪಟ್ಟು ಅಮುಕುತ್ತದೆ, ಅದರ ಮೇಲೆ ಉರಿಯುವ ಒತ್ತಡ ಬೇರೆ. ಹೀಗೆ ಕೆಳಗಿಳಿಯುವ ಗ್ಯಾಸಿಗೇ ಶೆಡ್ಡಿನಲ್ಲಿ ಬ್ಯಾಕ್ ಕಂಪ್ರೆಷನ್ ಅನ್ನುವುದು. ಅದು ಹೊರಗೆ ಹೋಗಲು ಇರುವ ಮೂಗು ಬ್ರೀದರ್. ಗ್ಯಾಸ್ ಹೋಗುವಾಗ ಆಯಿಲ್ ಮಂಜನ್ನೂ ಎಳೆದುಕೊಂಡು ಹೋಗುತ್ತದೆ. ಒಳಗಿನ ಜಾಲರಿ ಅದನ್ನು ಹಿಡಿದು ವಾಪಸ್ ಚೇಂಬರಿಗೆ ಬಿಡುತ್ತದೆ. ತಪ್ಪಿಸಿಕೊಂಡದ್ದು ಪೈಪಿನ ತುದಿಯಲ್ಲಿ ಹನಿಯಾಗುತ್ತದೆ. ಆರೂವರೆ ಲಕ್ಷ ಓಡಿದ ಗಾಡಿಯಲ್ಲಿ ರಾತ್ರಿಗೆ ನಾಲ್ಕು ಹನಿ ಬಿದ್ದರೆ ನಾನು ನಿದ್ದೆ ಕೆಡಿಸಿಕೊಳ್ಳುವುದಿಲ್ಲ.

ನನಗೆ ಚಿಂತೆಯಾಗಿದ್ದು ನಿಮ್ಮ ಬೆಲ್ ಹೌಸಿಂಗ್. ಮೂಗು ಕಟ್ಟಿದರೆ ಒತ್ತಡ ಬೇರೆ ದಾರಿ ಹುಡುಕುತ್ತದೆ. ಇಂಜಿನ್ ತಲೆಯ ಮೇಲಿನ ಟಪ್ಪೆಟ್ ಕವರ್ ಒದ್ದೆಯಾಗುತ್ತದೆ, ಗೇಜ್ ಕಡ್ಡಿ ಮೇಲಕ್ಕೆ ಎದ್ದು ಕೂರುತ್ತದೆ, ಕೊನೆಗೆ ಬೆಲ್ ಹೌಸಿಂಗ್ ಕಡೆಗಿರುವ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಬಿಟ್ಟುಕೊಡುತ್ತದೆ. ಆ ಸೀಲಿನ ಬೆಲೆ ಏನೂ ಅಲ್ಲ. ಆದರೆ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು, ಎರಡು ದಿನ ಗಾಡಿ ನಿಲ್ಲಬೇಕು. ಒಳಗೆ ಒತ್ತಡ ಹಾಗೇ ಇದ್ದರೆ ಹೊಸ ಸೀಲೂ ತಿಂಗಳಲ್ಲಿ ಹೋಗುತ್ತದೆ. ಆಮೇಲೆ ಸೀಲ್ ನಕಲಿ ಅಂತ ಅಂಗಡಿಯವನ ಜೊತೆ ಜಗಳ.

ಒಂದು ಲಾರಿ ಚಿತ್ತೂರು ಕಡೆಯಿಂದ ಲೋಡ್ ಹೊತ್ತು ಮೊಗಿಲಿ ಘಾಟ್ ಹತ್ತುವಾಗ ಕ್ಲಚ್ ಸ್ಲಿಪ್ ಆಗಿ, ಹೇಗೋ ನನ್ನ ಶೆಡ್ಡಿಗೆ ಬಂತು. ಗೇರ್‌ಬಾಕ್ಸ್ ಇಳಿಸಿದೆವು. ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ಅದ್ದಿದ ಹಪ್ಪಳದ ಹಾಗಿತ್ತು. ಸೀಲ್ ಬದಲಿಸುವ ಮೊದಲು ಅಭ್ಯಾಸಬಲದಿಂದ ಬ್ರೀದರ್ ಪೈಪ್ ತಡವಿದೆ. ತುದಿಯಲ್ಲಿ ಬನಿಯನ್ ಬಟ್ಟೆ, ಮೇಲೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದರು. ಕ್ಲೀನರ್ ಹುಡುಗನನ್ನು ಕೇಳಿದರೆ, 'ಹನಿ ಬೀಳ್ತಿತ್ತಣ್ಣಾ, ಓನರ್ ಬೈತಿದ್ರು' ಅಂದ. ಅವನಿಗೆ ಬೈದು ಏನು ಮಾಡಲಿ?

ಬಾಟಲಿ ಕಟ್ಟುವುದೂ ಅದೇ ಕಥೆ. ಬಾಯಿ ಬಿಗಿಯಾಗಿ ಮುಚ್ಚಿದರೆ ಅದು ಬಟ್ಟೆಗೆ ಸಮ. ಕಟ್ಟಲೇಬೇಕು ಅನ್ನುವವರು ಬಾಟಲಿಯ ಮೇಲ್ಭಾಗದಲ್ಲಿ ಪೈಪಿನಷ್ಟೇ ದೊಡ್ಡ ತೂತು ಬಿಡಿ, ತುಂಬುವ ಮೊದಲು ಖಾಲಿ ಮಾಡಿ. ಎರಡನೇದನ್ನು ಯಾರೂ ಮಾಡುವುದಿಲ್ಲ. ಅದಕ್ಕೇ ನಾನು ಬೇಡ ಅನ್ನುವುದು.

ಮುಚ್ಚಳದ ಪರೀಕ್ಷೆ ಬಗ್ಗೆ ಕೇಳಲೇಬೇಡಿ. ಸ್ಟಾರ್ಟ್ ಇರುವ ಇಂಜಿನ್ ಮೇಲೆ ತಲೆಕೆಳಗಾಗಿ ಇಟ್ಟ ಮುಚ್ಚಳ ಕುಣಿಯಿತು, ಬೋರ್ ಹೋಯಿತು! ಅಷ್ಟರ ಮೇಲೆ ಇಂಜಿನ್ ಕೆಲಸಕ್ಕೆ ಲಕ್ಷಗಟ್ಟಲೆ ಎಸ್ಟಿಮೇಟ್ ಬರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಚೆನ್ನಾಗಿದ್ದರೂ ಕುಣಿಯುತ್ತದೆ.

ಮೊದಲು ಬೆಲ್ ಹೌಸಿಂಗ್ ಹನಿಯನ್ನು ಬೆರಳಿಗೆ ಹಚ್ಚಿ ಮೂಸಿ. ಕಪ್ಪಗೆ, ತೆಳ್ಳಗೆ, ಹೊಗೆ ವಾಸನೆ ಇದ್ದರೆ ಇಂಜಿನ್ ಆಯಿಲ್. ದಪ್ಪಗೆ, ಗಂಧಕದ ಘಾಟು ಇದ್ದರೆ ಗೇರ್ ಆಯಿಲ್, ಬ್ರೀದರಿಗೂ ಅದಕ್ಕೂ ಸಂಬಂಧ ಇಲ್ಲ. ಇಂಜಿನ್ನಿನದೇ ಆದರೆ ತೊಳೆಸಿ, ಒಣಗಿದ ಮೇಲೆ ಅನುಮಾನ ಇರುವ ಕಡೆ ಮುಖದ ಪೌಡರ್ ಉದುರಿಸಿ ಸ್ವಲ್ಪ ಓಡಿಸಿ. ಎಣ್ಣೆ ಕೆಳಕ್ಕೂ ಹಿಂದಕ್ಕೂ ಹರಿಯುತ್ತದೆ. ಹನಿ ಬಿದ್ದ ಜಾಗದ ಮೇಲೆ, ಮುಂದೆ ಹುಡುಕಿ. ಎಷ್ಟೋ ಸಲ ಹಿಂದಿನ ಸೀಲ್ ಅಂದುಕೊಂಡದ್ದು ಟಪ್ಪೆಟ್ ಕವರಿಂದ ಇಳಿದು ಬಂದಿರುತ್ತದೆ.

ಆಮೇಲೆ ಬ್ರೀದರ್ ಬಿಚ್ಚಿ. ಜಾಲರಿ ಟಾರಿನಂತೆ ಕಟ್ಟಿಕೊಂಡಿದೆಯಾ? ರಬ್ಬರ್ ಪೈಪ್ ಎಣ್ಣೆ ಕುಡಿದು ಮೆತ್ತಗಾಗಿ ಒಳಕ್ಕೆ ಮಡಿಚಿಕೊಂಡಿದೆಯಾ? ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ, ನಾನೇ ಕಡ್ಡಿ ಹಾಕಿ ಕೆದಕಿ ತೆಗೆದಿದ್ದೇನೆ. ಇವೆಲ್ಲ ಸರಿ ಇದ್ದರೆ ಪಾರದರ್ಶಕ ಪೈಪನ್ನು ಗೇಜ್ ಕಡ್ಡಿಯ ತೂತಿಗೆ ಗಾಳಿ ಹೋಗದಂತೆ ಸಿಕ್ಕಿಸಿ, ಯು ಆಕಾರದಲ್ಲಿ ಬಗ್ಗಿಸಿ ನೀರು ತುಂಬಿ. ಇಂಜಿನ್ ಓಡುವಾಗ ನೀರು ಎಷ್ಟು ಏರುತ್ತದೆ ಅಳೆದು ಕಂಪನಿ ಪುಸ್ತಕದ ಲೆಕ್ಕಕ್ಕೆ ಹೋಲಿಸಿ. ಮುಚ್ಚಳ ಕುಣಿಸುವುದಕ್ಕಿಂತ ಇದು ಎಷ್ಟೋ ಮೇಲು.

ನೀರು ಜಾಸ್ತಿ ಏರಿತು ಅಂದರೂ ಬೋರ್ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಬ್ರೇಕ್ ಏರ್ ಕಂಪ್ರೆಸರಿನ ರಿಂಗ್ ಸವೆದರೂ ಗಾಳಿ ಚೇಂಬರಿಗೇ ಬರುತ್ತದೆ. ಬ್ರೇಕ್ ತುಳಿದು ತುಳಿದು ಟ್ಯಾಂಕ್ ಇಳಿಸಿ. ಕಂಪ್ರೆಸರ್ ಗಾಳಿ ತುಂಬುವಾಗ ನೀರು ಏರಿ, ಪೂರ್ತಿ ತುಂಬಿ 'ಟಿಸ್' ಅಂದ ಮೇಲೆ ಇಳಿದರೆ ಕಳ್ಳ ಸಿಕ್ಕಿದ. ಏರ್ ಟ್ಯಾಂಕ್ ಡ್ರೈನ್ ಮಾಡಿದಾಗ ನೀರಿನ ಜೊತೆ ಎಣ್ಣೆಯೂ ಬರುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಸವೆದರೂ ಅದರ ಆಯಿಲ್ ವಾಪಸ್ ಪೈಪಿನಿಂದ ಗಾಳಿ ಚೇಂಬರಿಗೆ ನುಗ್ಗುತ್ತದೆ. ಇವೆರಡನ್ನೂ ನೋಡಿದ ಮೇಲೆ ಉಳಿಯುವುದು ರಿಂಗ್, ಮತ್ತೆ ಬೋರಿನ ಒಳಗಿನ ಕೊಳವೆ, ಅಂದರೆ ಲೈನರ್.

ಅದೇ ಆದರೆ ಕಾರಣ ಕೇಳಿಕೊಳ್ಳಿ. ಚಿಕ್ಕಬಳ್ಳಾಪುರದ ಕ್ರಷರ್‌ಗಳಿಗೆ ಓಡುವ ಟಿಪ್ಪರ್‌ಗಳಲ್ಲಿ ನಾನು ಕಂಡಿದ್ದು ಹೆಚ್ಚಾಗಿ ಧೂಳು. ಏರ್ ಫಿಲ್ಟರ್ ಹೊಸದೇ ಇರುತ್ತದೆ, ಅದರಿಂದ ಇಂಜಿನ್ನಿಗೆ ಹೋಗುವ ಹೋಸ್ ಸೀಳಿರುತ್ತದೆ. ಕಲ್ಲುಪುಡಿ ನೇರ ಲೈನರಿಗೆ. ಆ ಹೋಸ್ ಹಾಗೇ ಬಿಟ್ಟು ಇಂಜಿನ್ ಕೆಲಸ ಮಾಡಿಸಿದರೆ ದುಡ್ಡು ಹೊಳೆಗೆ ಎಸೆದಂತೆ.

ಇನ್ನೊಂದು. ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರ್ ಟಾಪ್‌ಅಪ್ ಹಾಕಿದಿರಿ ಅಂತ ನೀವು ಬರೆದೇ ಇಲ್ಲ. ಯಾರೂ ಬರೆಯುವುದಿಲ್ಲ. ಡೀಸೆಲ್ ಲೆಕ್ಕ ಪೈಸೆ ಪೈಸೆ ಇಡುತ್ತೀರಿ ಅಲ್ವಾ, ಅದೇ ಪುಸ್ತಕದಲ್ಲಿ ಇದಕ್ಕೂ ಒಂದು ಸಾಲು ಬಿಡಿ.

ಪ್ರಶ್ನೆ: ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ. ಟರ್ಬೋಗೆ ಹೋಗುವ ಬ್ರೀದರ್ ಪೈಪ್ ಕಿತ್ತು ರಸ್ತೆಗೆ ಬಿಟ್ಟರೆ ಪಿಕಪ್ ಬರುತ್ತಾ? – ಡ್ರೈವರ್, ಶಿರಾ

ಬರಲ್ಲ. ಪೈಪ್ ಕಿತ್ತ ತೂತಿನಿಂದ ಧೂಳು ಸೀದಾ ಟರ್ಬೋಗೆ ಹೋಗುತ್ತದೆ. ಆ ಹೋಸಿನೊಳಗೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಸಹಜ. ಮಡುಗಟ್ಟಿ ನಿಂತಿದ್ದರೆ ಗಾಡಿ ಓಡಿಸಬೇಡಿ. ಇಂಜಿನ್ ಆ ಎಣ್ಣೆಯನ್ನೇ ಕುಡಿದು ರೇಸ್ ಆಗತೊಡಗಿದರೆ ಕೀ ತೆಗೆದರೂ ನಿಲ್ಲದೆ ಹೋಗಬಹುದು. ಬ್ರೀದರ್ ಫಿಲ್ಟರ್ ಇದ್ದರೆ ಹೊಸದು ಹಾಕಿಸಿ. ಡೀಸೆಲಲ್ಲಿ ತೊಳೆದು ಮತ್ತೆ ಹಾಕಬೇಡಿ.

ಪ್ರಶ್ನೆ: ಲೀಕ್ ನಿಲ್ಲಿಸುವ ಡಬ್ಬಿ ಔಷಧಿ ಬರುತ್ತಲ್ಲ, ಹಾಕಬಹುದಾ? – ಓದುಗ, ತುಮಕೂರು

ಗಾಡಿ ಮಾರುವವರು ಹಾಕುತ್ತಾರೆ. ನೀವು ಇಟ್ಟುಕೊಳ್ಳುವವರಲ್ವಾ?

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ಕಾಣುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆಯಾ? – ಓದುಗ, ಬಾಗೇಪಲ್ಲಿ

ರೇಡಿಯೇಟರ್ ನೀರು ಇಳಿಯುತ್ತಿಲ್ಲ, ಗೇಜ್ ಕಡ್ಡಿಯಲ್ಲಿ ಬೆಣ್ಣೆ ಇಲ್ಲ ಅಂದರೆ ಅದು ಬರೀ ಇಬ್ಬನಿ. ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ.

ಪ್ರಶ್ನೆ: ಬಾಟಲಿಯಲ್ಲಿ ಸೇರಿದ ಆಯಿಲ್ ವಾಪಸ್ ಇಂಜಿನ್ನಿಗೆ ಸುರಿಯಬಹುದಾ? – ಓದುಗ, ಮಾಲೂರು

ಬೇಡ, ಅದರಲ್ಲಿ ನೀರಿರುತ್ತದೆ. ಸೆಂಟ್ರಿಂಗ್ ಶೀಟಿಗೆ ಬಳಿಯೋರು ಕೇಳಿಕೊಂಡು ಬರುತ್ತಾರೆ, ಕೊಟ್ಟುಬಿಡಿ.